ಎಂಟು ಅಡಿ

ಸುಣ್ಣದ ಗೆರೆ ಗ್ಯಾರೇಜಿನ ಮೂಲೆ ದಾಟಿ ನಾಲ್ಕು ಹೆಜ್ಜೆ ನೆಟ್ಟಗೆ ಹೋಯಿತು, ಆಮೇಲೆ ಬಾಗಿತು. ಬಾಗಿಸಿದವನು ತಾನೇ ಎಂಬುದು ಅವನಿಗೆ ಗೊತ್ತಾದದ್ದು ಗೆರೆಯನ್ನು ನೋಡಿದ ಮೇಲೆ. ಮುಷ್ಟಿಯಲ್ಲಿದ್ದ ಪುಡಿ ಬೆರಳ ಸಂದಿಯಿಂದ ಇಳಿಯುತ್ತಲೇ ಇತ್ತು, ಕಾಲುಗಳು ಎಡಕ್ಕೆ ಸರಿಯುತ್ತಲೇ ಇದ್ದವು, ನೆಲದಲ್ಲಿ ಯಾರೋ ಮಲಗಿದ್ದಾರೆ, ತುಳಿಯದೆ ಸುತ್ತಿಕೊಂಡು ಹೋಗಬೇಕು ಎಂಬ ಹಾಗೆ.

"ಅಣ್ಣ, ಇದೇನು ಹಾವು ಬಿಡ್ತಾ ಇದ್ದೀಯಾ?" ಎಂದ ಅಗೆಯಲು ಬಂದ ಆಳು. ನಲವತ್ತು ದಾಟಿದವನು, ಗಳಿಗೆಗೊಮ್ಮೆ ಟೈಮ್ ಎಷ್ಟಾಯ್ತು ಎಂದು ಕೇಳುವ ಚಾಳಿಯಿಂದಾಗಿ ಕೆಲಸದವರೆಲ್ಲ ಅವನನ್ನು ಗಡಿಯಾರ ಎನ್ನುತ್ತಿದ್ದರು. ಪಿಕಾಸಿಯ ಹಿಡಿಗೆ ಗದ್ದ ಊರಿಕೊಂಡು ಅವನು ಗೆರೆಯನ್ನು ಮೇಲಿಂದ ಕೆಳಗೆ ನೋಡಿದ.

ಸೂರಿನ ಕೆಳಗೆ ಬೆತ್ತದ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಮೇಷ್ಟ್ರೂ ನೋಡಿದರು. ಅವರ ಬಲಗೈ ತೊಡೆಯ ಮೇಲಿತ್ತು. ಬೇರೆ ಯಾರದೋ ಸಾಮಾನನ್ನು ಸ್ವಲ್ಪ ಹೊತ್ತು ನೋಡಿಕೊಳ್ಳಲು ಒಪ್ಪಿಕೊಂಡವರ ಹಾಗೆ ಅದನ್ನು ಎಡಗೈಯಿಂದ ಮುಚ್ಚಿಕೊಂಡಿದ್ದರು.

"ಗೆರೆ ಸೊಟ್ಟಗಿದೆ," ಎಂದರು.

"ಅಲ್ಲಿ ಬೇರು ಇರುತ್ತೆ ಮೇಷ್ಟ್ರೇ."

"ಗಿಡವೇ ಇಲ್ಲದ ಕಡೆ ಬೇರು ಎಲ್ಲಿಂದ ಬಂತಯ್ಯ? ಗಿಡ ನೆಡೋಕೆ ಹೋಗಿ ತಾನೇ ನಾನು ಕೈ ಸುಟ್ಟುಕೊಂಡಿದ್ದು. ನೆಟ್ಟಿದ್ರಲ್ಲವಾ ಬೇರು. ಅಳಿಸು. ನೆಟ್ಟಗೆ ಎಳಿ."

ಅವನು ಚಪ್ಪಲಿಯಿಂದ ಸುಣ್ಣವನ್ನು ಮಣ್ಣಿಗೆ ಉಜ್ಜಿದ. ಐವತ್ತೆಂಟು ವರ್ಷದ ತಾನು, ಮೂವತ್ತೈದು ವರ್ಷ ಊರಿನ ಅರ್ಧ ಮನೆಗಳಿಗೆ ವೈರಿಂಗ್ ಮಾಡಿದ ತಾನು, ಕಪ್ಪುಹಲಗೆಯ ಮುಂದೆ ನಿಲ್ಲಿಸಲ್ಪಟ್ಟವನ ಹಾಗೆ ಕತ್ತಿನ ಹಿಂದೆ ಬೆವರುತ್ತಿದ್ದೇನೆ ಎಂದು ಅವನಿಗೆ ನಾಚಿಕೆಯಾಯಿತು. ಮತ್ತೆ ಬಗ್ಗಿದ. ಬಗ್ಗಿದರೆ ಏಳುವುದು ಕಷ್ಟ. ಬಲ ಮೊಣಕಾಲು ಈಚೀಚೆಗೆ ಪ್ರತಿ ಸಲ ತನ್ನದೊಂದು ಮಾತು ಆಡಿಯೇ ಮೇಲಕ್ಕೆ ಬರುತ್ತಿತ್ತು. ಎರಡನೆಯ ಗೆರೆ ಗ್ಯಾರೇಜಿನ ಮೂಲೆಯಿಂದ ಹಿಂದಿನ ಶೆಡ್ಡಿನ ಬಾಗಿಲ ತನಕ ದಾರ ಹಿಡಿದಂತೆ ಹೋಯಿತು, ಹೋಗುತ್ತಾ ಆ ಜಾಗದ ಮೇಲೆ ಸರಿಯಾಗಿ ಹಾದುಹೋಯಿತು. ಅಲ್ಲಿ ಗುರುತೇನೂ ಇರಲಿಲ್ಲ. ಬೇರೆಡೆ ಇದ್ದಂಥದೇ ಹುಲ್ಲು, ಬೇರೆಡೆ ಹರಿದಂಥದೇ ಇರುವೆ.

ಬೆಳಿಗ್ಗೆ ಬಂದವನೇ ಮೊದಲು ಮಾಡಿದ ಕೆಲಸ, ಮನೆಯ ಬೋರ್ಡಿನಲ್ಲಿ ಶೆಡ್ಡಿನ ಲೈನಿನ ಫ್ಯೂಸನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡದ್ದು. ಕೆಲಸ ಕಲಿಸಿದಾತ ಕಪಾಳಕ್ಕೆ ಹೊಡೆದು ಕಲಿಸಿದ ಪದ್ಧತಿ ಅದು: ಸ್ವಿಚ್ಚು ಆರಿಸಿದರೆ ಸಾಲದು, ಯಾರೋ ಬಂದು ದೀಪ ಯಾಕೆ ಹೋಯ್ತು ಅಂತ ಹಾಕಿಬಿಡುತ್ತಾರೆ, ಫ್ಯೂಸು ನಿನ್ನ ಮೈಮೇಲಿರಬೇಕು. ಪಿಂಗಾಣಿಯ ಆ ತುಂಡು ಎದೆಗೆ ತಣ್ಣಗೆ ತಾಗಿಕೊಂಡಿತ್ತು. ಮಾಡಬೇಕಾದ ಕೆಲಸ ಅವನಿಗೆ ನೀರು ಕುಡಿದಷ್ಟು ಸಲೀಸು. ಕಾರು ಹೋದ ಮೇಲೆ ಖಾಲಿ ಬಿದ್ದಿದ್ದ ಗ್ಯಾರೇಜಿಗೆ ಮೇಷ್ಟ್ರ ಹೆಂಡತಿ ತಮ್ಮ ನಾಲ್ಕು ಹೊಲಿಗೆ ಮಿಷನ್ನುಗಳನ್ನೂ ಇಸ್ತ್ರಿಯನ್ನೂ ಸಾಗಿಸುತ್ತಾರಂತೆ, ಹೊಲಿಗೆ ಕ್ಲಾಸು ಅಲ್ಲೇ. ಶೆಡ್ಡಿನಲ್ಲಿ ಪಂಪಿನ ಜೊತೆಗೆ ಬಟ್ಟೆ ಒಗೆಯುವ ಮಿಷನ್ನು ಬರುತ್ತದೆ. ಒಂದು ಪಂಪು, ಒಂದು ಬಲ್ಬು ಅಂತ ಹಾಕಿದ್ದ ಹಳೆಯ ಕೇಬಲ್ಲು ಇಷ್ಟು ಭಾರ ತಾಳುವುದಿಲ್ಲ. ಅದನ್ನು ಕಿತ್ತು, ಅದೇ ಜಾಡಿನಲ್ಲಿ ಹೊಸದು, ದಪ್ಪದ್ದು, ಉಕ್ಕಿನ ಎಳೆ ಸುತ್ತಿದ್ದು. ಗ್ಯಾರೇಜಿಗೇ ಒಂದು ಪ್ರತ್ಯೇಕ ಬೋರ್ಡು, ಕರೆಂಟು ಎಲ್ಲಿ ಚೂರು ಸೋರಿದರೂ ರೆಪ್ಪೆ ಮಿಟುಕಿಸುವಷ್ಟರಲ್ಲಿ ಬಿದ್ದುಹೋಗುವ ಬ್ರೇಕರು. ಅರ್ತಿಂಗಿಗೆ ಹೊಸ ಗುಂಡಿ. ಚರಂಡಿ ಎರಡೂವರೆ ಅಡಿ ಆಳ. ತಳಕ್ಕೆ ಮರಳು, ಮರಳ ಮೇಲೆ ಕೇಬಲ್ಲು, ಕೇಬಲ್ಲಿನ ಮೇಲೆ ಮರಳು, ಅದರ ಮೇಲೆ ಉದ್ದಕ್ಕೂ ಅಡ್ಡಡ್ಡ ಜೋಡಿಸಿದ ಇಟ್ಟಿಗೆ. ನಾಳೆ ಯಾರೇ ಅಗೆದರೂ ಮೊದಲು ಇಟ್ಟಿಗೆ ಸಿಗುತ್ತದೆ. ಸಿಕ್ಕಿದವನು ನಿಲ್ಲುತ್ತಾನೆ. ಇಟ್ಟಿಗೆ ಇರುವುದೇ ಅದಕ್ಕೆ.

ಆ ಇಟ್ಟಿಗೆಗಳು ಗ್ಯಾರೇಜಿನ ಗೋಡೆಗೆ ಒರಗಿ ನಿಂತಿದ್ದವು, ಸಾಲುಸಾಲಾಗಿ ಪೇರಿಸಿ. ಒಂದೊಂದರ ಮೇಲೂ ಸೀಮೆಸುಣ್ಣದ ಅಂಕಿ.

"ನಾಲ್ಕು ದಿನ ಕೂತು ಬರೆದಿದಾರೆ ನೋಡಪ್ಪ," ಎಂದರು ಮೇಷ್ಟ್ರ ಹೆಂಡತಿ, ಕತ್ತಿಗೆ ಅಳತೆಯ ಟೇಪು ನೇತುಹಾಕಿಕೊಂಡೇ ಹೊರಗೆ ಬಂದು. "ಎಡಗೈಲಿ. ಏಳು ಅಂತ ಬರೆದರೆ ಕೊಡಲಿ, ಎಂಟು ಅಂತ ಬರೆದರೆ ಕುಂಬಳಕಾಯಿ. ನಾನೂ ಹೇಳಿದೆ, ರೀ, ಅವು ಮಣ್ಣಿಗೆ ಹೋಗೋ ಇಟ್ಟಿಗೆ, ಪರೀಕ್ಷೆಗೆ ಹೋಗಲ್ಲ ಅಂತ. ಕೇಳಬೇಕಲ್ಲ."

"ಇನ್ನೂರ ಹತ್ತು," ಎಂದರು ಮೇಷ್ಟ್ರು. "ಕೆಳಗೆ ಇಡುವಾಗ ಹಾಜರಿ ಕೂಗ್ತೀನಿ. ಒಂದೂ ಗೈರಾಗಬಾರದು."

ಗಡಿಯಾರ ನಕ್ಕ. ಮನೆಯ ಅಮ್ಮ ನಕ್ಕರು. ಅವನೂ ನಕ್ಕ, ಆದರೆ ಅವನ ನಗೆ ಅವರದು ಮುಗಿದ ಮೇಲೆ ಬಂತು, ಬಂದದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಇವರಿಗೆ ಗೊತ್ತಿದೆಯೇ. ಗೊತ್ತಿದ್ದರೆ ತನ್ನನ್ನೇ ಯಾಕೆ ಕರೆಸಿದರು. ಬೇರೆ ಯಾರೂ ಬೇಡ, ಅವನೇ ಬರಲಿ ಅಂತಾರಪ್ಪ, ಎಂದಿದ್ದರು ಅಮ್ಮ ಫೋನಿನಲ್ಲಿ. ಒಂಬತ್ತು ವರ್ಷ ಅವನು ಈ ಬೀದಿಗೆ ಬಂದಿರಲಿಲ್ಲ. ಹತ್ತಿರದ ಮನೆಗಳಿಂದ ಕೆಲಸ ಬಂದರೆ ಪುರಸೊತ್ತಿಲ್ಲ ಎನ್ನುತ್ತಿದ್ದ. ಅಂಚೆ ಕಚೇರಿಗೆ ಹೋಗಬೇಕಾದರೂ ಮಾರ್ಕೆಟ್ಟು ಸುತ್ತಿಕೊಂಡು ಹೋಗುತ್ತಿದ್ದ, ಸ್ಕೂಟರಿನ ಹಿಂದೆ ಕೂತ ಹೆಂಡತಿ, ನಿಮಗೇನು ದಾರಿ ಮರೆತುಹೋಯ್ತಾ ಅನ್ನುವಳು. ಈ ಸಲ ಪುರಸೊತ್ತಿಲ್ಲ ಎನ್ನಲು ಬಾಯಿ ತೆರೆದವನು, ಬರ್ತೀನಿ ಅಮ್ಮ, ಅಂದುಬಿಟ್ಟಿದ್ದ. ಅಂದ ಮೇಲೆ ಮೂರು ದಿನ ಒಂದೇ ವಾಕ್ಯವನ್ನು ಅಭ್ಯಾಸ ಮಾಡಿದ್ದ. ಹಲ್ಲುಜ್ಜುವಾಗ, ಗೋಡೆ ಕೊರೆಯುವಾಗ, ಡ್ರಿಲ್ಲಿನ ಸದ್ದಿನ ಮರೆಯಲ್ಲಿ ಗಟ್ಟಿಯಾಗಿಯೇ ಹೇಳಿ ನೋಡಿದ್ದ: ಮೇಷ್ಟ್ರೇ, ಅಲ್ಲಿ ಇಟ್ಟಿಗೆ ಇರಲಿಲ್ಲ. ನಾಲ್ಕೇ ಪದ. ಇವತ್ತು ಅದನ್ನು ಹೇಳಿ, ಅವರು ಕೊಡುವುದನ್ನು, ಬೈಗುಳವೋ ಉಗುಳೋ, ತೆಗೆದುಕೊಂಡು, ಹಗುರಾಗಿ ಮನೆಗೆ ಹೋಗಬೇಕು. ಸುಸ್ತಾಗಿತ್ತು ಅವನಿಗೆ. ತಪ್ಪಿನಿಂದಲ್ಲ, ಅದನ್ನು ಹೊತ್ತು ತಿರುಗುವುದರಿಂದ.

ಹಳೆಯ ಕೇಬಲ್ಲನ್ನು ಅವನೇ ಹೂಳಿದ ದಿನ ಇಟ್ಟಿಗೆ ಸಾಲಲಿಲ್ಲ, ಇಷ್ಟೇ ವಿಷಯ. ಶೆಡ್ಡಿನ ಬಾಗಿಲಿಗೆ ಎಂಟು ಅಡಿ ಬಾಕಿ ಇರುವಾಗ ರಾಶಿ ಮುಗಿಯಿತು. ಅಲ್ಲೇ ನೆಲದೊಳಗೆ ಒಂದು ಬಂಡೆ ಸಿಕ್ಕು ಆಳವೂ ಒಂದು ಅಡಿಗೇ ನಿಂತಿತ್ತು. ಬಂಡೆ ಒಡೆಯಲು ಉಳಿ ತರಬೇಕು, ಇಟ್ಟಿಗೆ ತರಲು ಇನ್ನೊಂದು ಗಾಡಿ ಹೇಳಬೇಕು, ನಾಳೆ ಬೆಳಿಗ್ಗೆ ಬೇರೆ ಮನೆಗೆ ಬರುತ್ತೇನೆಂದು ಮಾತು ಕೊಟ್ಟಾಗಿದೆ, ಬೆನ್ನು ನೋಯುತ್ತಿದೆ, ಹೊತ್ತು ಇಳಿಯುತ್ತಿದೆ. ಈ ಮೂಲೆಯಲ್ಲಿ ಯಾರು ಅಗೆಯುತ್ತಾರೆ, ಎಂದುಕೊಂಡ. ಆಮೇಲೆ ಬಂದು ಹಾಕಿದರಾಯಿತು, ಎಂದುಕೊಂಡ. ಮಣ್ಣು ಎಳೆಸಿ, ಕಾಲಿಂದ ತುಳಿದು, ಕೈ ತೊಳೆದುಕೊಂಡು ಹೋದ. ಮರೆಯಲಿಲ್ಲ, ಮರೆತಿದ್ದರೆ ಒಳ್ಳೆಯದಿತ್ತು. ತಿಂಗಳಿಗೊಮ್ಮೆ ನೆನಪಾಗುತ್ತಿತ್ತು, ತಲೆಯಲ್ಲಿ ಕೂತ ಸಣ್ಣ ಕೆಲಸಗಳ ಸಾಲಿನಲ್ಲಿ, ಅಕ್ಕನ ಮನೆಯ ಫ್ಯಾನಿನ ಜೊತೆಗೆ. ಹನ್ನೊಂದು ತಿಂಗಳ ಮೇಲೆ ಪಕ್ಕದ ಮನೆಯವರು ಫೋನು ಮಾಡಿದರು: ಬೇಗ ಬಾ, ಮೇಷ್ಟ್ರಿಗೆ ಕರೆಂಟ್ ಹೊಡೆದಿದೆ.

ಅವನು ಬರುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಜನವೆಲ್ಲ ಅವರ ಹಿಂದೆ ಹೋಗಿ ಅಂಗಳ ಖಾಲಿಯಾಗಿತ್ತು. ಅಡಿ ಆಳದ ಒಂದು ಗುಂಡಿ, ಪಕ್ಕದಲ್ಲಿ ಬಿದ್ದ ಹಾರೆ, ತುದಿ ಕರಗಿ ನೀಲಿಗಟ್ಟಿದ್ದ ಹಾರೆ, ಬೇರಿಗೆ ಒದ್ದೆ ಗೋಣಿ ಸುತ್ತಿ ಇಟ್ಟಿದ್ದ ಒಂದು ನಿಂಬೆ ಸಸಿ. ಅವನು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಅದು ಅಭ್ಯಾಸ, ಕೈ ತಾನಾಗಿ ಮಾಡಿತು. ಆಮೇಲೆ ಕೈ ಮಾಡಿದ್ದೂ ತಾನಾಗಿಯೇ ಎಂದು ಒಂಬತ್ತು ವರ್ಷ ಅವನು ತನಗೆ ಹೇಳಿಕೊಂಡಿದ್ದಾನೆ. ಹೂವಿನ ಪಾತಿಯ ಅಂಚಿಗೆ ಓರೆಯಾಗಿ ನೆಟ್ಟಿದ್ದ ಇಟ್ಟಿಗೆಗಳಲ್ಲಿ ಮೂರನ್ನು ಕಿತ್ತ, ಉಳಿದವನ್ನು ತೆರಪು ಕಾಣದಂತೆ ಸರಿಸಿದ, ಮೂರನ್ನೂ ಗುಂಡಿಗೆ ಹಾಕಿದ. ಅಷ್ಟಕ್ಕೆ ನಿಲ್ಲಲಿಲ್ಲ. ಒಡೆಯದ ಇಟ್ಟಿಗೆಯನ್ನು ಯಾರು ನಂಬುತ್ತಾರೆ ಎಂದು ಅದೇ ಹಾರೆಯನ್ನು ಎತ್ತಿ ಒಂದರ ಮೇಲೆ ಬಿಟ್ಟ. ಒಂದು ಏಟಿಗೆ ಒಡೆಯಲಿಲ್ಲ. ಎರಡನೆಯದು ಹಾಕಬೇಕಾಯಿತು. ಮೊದಲನೆಯದನ್ನು ಕೈ ಮಾಡಿತು ಎನ್ನಬಹುದು, ಎರಡನೆಯದನ್ನು ಏನನ್ನುವುದು. ಮೇಷ್ಟ್ರ ಭಾವಮೈದುನ ಆಸ್ಪತ್ರೆಯಿಂದ ಬಂದು, ಏನಯ್ಯ ಇಟ್ಟಿಗೆ ಹಾಕಿದ್ದೆಯೋ ಇಲ್ಲವೋ, ಎಂದು ಕತ್ತಿನ ಪಟ್ಟಿ ಹಿಡಿದಾಗ ಅವನು ಸುಳ್ಳನ್ನೂ ಹೇಳಲಿಲ್ಲ. ನೀವೇ ನೋಡಿ, ಎಂದ. ಅವರು ನೋಡಿದರು. ಪಟ್ಟಿ ಬಿಟ್ಟರು. ಪಾಪ, ಮಾಡೋದೆಲ್ಲ ಸರಿಯಾಗೇ ಮಾಡಿದೀಯ, ನಮ್ಮ ಭಾವನ ತಲೆಗೆ ಏನಾಗಿತ್ತೋ, ಎಂದು ಬೆನ್ನು ತಟ್ಟಿದರು. ಆ ತಟ್ಟಿದ ಜಾಗ ಈಗಲೂ ಅಂಗಿಯೊಳಗೆ ಬೇರೆಯಾಗಿ ಗೊತ್ತಾಗುತ್ತದೆ. ಅದಾದ ಮೇಲೆ ಮೇಷ್ಟ್ರಿಗೆ ಶಾಲೆಯಲ್ಲಿ ಇಟ್ಟಿಗೆ ಮೇಷ್ಟ್ರು ಎಂದು ಹೆಸರು ಬಿತ್ತು, ಹೆಬ್ಬೆರಳೂ ಅದರ ಪಕ್ಕದ ಎರಡೂ ಮಡಚದೆ ಹೋಗಿ ಅವರು ಸೀಮೆಸುಣ್ಣ ಬಿಟ್ಟರು ಎಂದು ಯಾರೋ ಹಾರ್ಡ್‌ವೇರ್ ಅಂಗಡಿಯಲ್ಲಿ ನಗುತ್ತಾ ಹೇಳಿದ್ದರು. ಅವನು ಕೇಬಲ್ಲಿನ ತುದಿ ಬಿಗಿಯುವ ಗ್ಲ್ಯಾಂಡು ಕೊಳ್ಳಲು ಹೋದವನು ಕೊಳ್ಳದೆ ಬಂದಿದ್ದ.

"ಅಣ್ಣ, ಟೈಮ್ ಎಷ್ಟು?"

"ಹತ್ತೂ ಕಾಲು."

"ಬೆಳಿಗ್ಗೆಯಿಂದ ಹತ್ತೂ ಕಾಲೇ ಆಗ್ತಿದೆಯಲ್ಲ," ಎಂದು ಗಡಿಯಾರ ಪಿಕಾಸಿ ಎತ್ತಿದ.

ಅಗೆತ ಮನೆಯ ಗೋಡೆಯಿಂದ ಶುರುವಾಯಿತು. ಅವನು ಹಿಂದಿನಿಂದ ಸಲಿಕೆಯಲ್ಲಿ ತಳ ಸಮಮಾಡುತ್ತಾ, ಹಳೆಯ ಇಟ್ಟಿಗೆಗಳನ್ನು ಎತ್ತಿ ಬದಿಗಿಡುತ್ತಾ, ಸತ್ತ ಕೇಬಲ್ಲನ್ನು ಟೆಸ್ಟರಿನಿಂದ ಮತ್ತೆ ಮತ್ತೆ ಮುಟ್ಟಿ ನೋಡುತ್ತಾ ಬಂದ. ಫ್ಯೂಸು ಜೇಬಿನಲ್ಲಿದೆ ಎಂದು ಗೊತ್ತಿದ್ದೂ ಮುಟ್ಟಿ ನೋಡುತ್ತಿದ್ದ. ಹಳೆಯ ಇಟ್ಟಿಗೆಗಳು ತಾನೇ ಇಟ್ಟವು, ಒಂದಕ್ಕೊಂದು ಅಂಟಿಕೊಂಡು, ಒಂದು ಕೂದಲೆಳೆ ಜಾಗ ಬಿಡದೆ. ಎಷ್ಟು ಚೆನ್ನಾಗಿ ಇಟ್ಟಿದ್ದೆ ಎಂದು ಒಂದು ಕ್ಷಣ ಹೆಮ್ಮೆಯಾಯಿತು, ಆ ಹೆಮ್ಮೆಗೆ ಮತ್ತೆ ನಾಚಿಕೆಯಾಯಿತು. ಈ ಒಂಬತ್ತು ವರ್ಷ ಅವನು ಎಲ್ಲ ಕಡೆ ಎರಡೆರಡು ಸಾಲು ಇಟ್ಟಿಗೆ ಹಾಕಿದ್ದಾನೆ. ಕೇಬಲ್ ಹೂಳ್ತೀಯೋ ಗೋಪುರ ಕಟ್ತೀಯೋ ಎಂದು ಜೊತೆಯವರು ಆಡಿಕೊಂಡಿದ್ದಾರೆ. ಆ ಇಟ್ಟಿಗೆಗಳೆಲ್ಲ ಸೇರಿದರೂ ಇಲ್ಲಿ ಹಾಕದೆ ಬಿಟ್ಟ ಇಪ್ಪತ್ತಕ್ಕೆ ಸಮವಾಗಲಿಲ್ಲ. ಬೆಳಿಗ್ಗೆ ಎದ್ದಾಗ ಬಲಗೈ ಜೋಮು ಹಿಡಿದಿರುತ್ತದೆ. ಡಾಕ್ಟರು ಕತ್ತಿನ ಮೂಳೆ ಸವೆದಿದೆ ಎಂದರು. ಅವನು ಒಪ್ಪಿ ತಲೆಯಾಡಿಸಿದ, ಸುಳ್ಳು ಕಾರಣ ಹೇಳಿ ರಜೆ ಪಡೆದವನ ಹಾಗೆ.

ಗ್ಯಾರೇಜಿನ ಮೂಲೆಗೆ ಬಂದಾಗ ಅಮ್ಮ ಮೂರು ಲೋಟ ಚಹಾ ತಂದಿಟ್ಟು ಒಳಗೆ ಹೋದರು. ಮಿಷನ್ನಿನ ಸದ್ದು ಮತ್ತೆ ಶುರುವಾಯಿತು, ಓಡಿ, ನಿಂತು, ಓಡಿ. ಗಡಿಯಾರ ಚರಂಡಿಯೊಳಗೇ ಕೂತು ಲೋಟ ಹಿಡಿದ. ಮೇಷ್ಟ್ರು ಕುರ್ಚಿಯನ್ನು ಎಡಗೈಯಿಂದ ಎಳೆದುಕೊಂಡು ಹತ್ತಿರ ಬಂದರು. ಸಹಾಯಕ್ಕೆ ಏಳಲು ಹೋದವನಿಗೆ, ಕೂರು ಕೂರು, ಎಂದರು.

"ಇವನಿಗೆ ಗೊತ್ತಾ ಕಥೆ?" ಎಂದು ಗಡಿಯಾರನ ಕಡೆ ಗದ್ದ ತೋರಿಸಿದರು.

"ಕೇಳಿದೀನಿ ಮೇಷ್ಟ್ರೇ," ಎಂದ ಗಡಿಯಾರ. "ಇಟ್ಟಿಗೆ ಸಿಕ್ಕಿದರೂ ನಿಲ್ಲಲಿಲ್ಲವಂತೆ ನೀವು."

"ನಿಲ್ಲಲಿಲ್ಲ." ಅವರು ಚಹಾವನ್ನು ಒಂದು ಗುಟುಕು ಕುಡಿದು ಲೋಟವನ್ನು ಕುರ್ಚಿಯ ಕೈಮೇಲೆ ಇಟ್ಟರು. "ಅದು ಯಾರಿಗೂ ಅರ್ಥ ಆಗಲ್ಲ. ನಮ್ಮ ಮನೆಯವಳಂತೂ ಬಂದವರಿಗೆಲ್ಲ ಹೇಳ್ತಾಳೆ, ಇವರು ಹಾರೆ ತಗೊಂಡು ಕರೆಂಟ್ ಹುಡುಕೋಕೆ ಹೋಗಿದ್ರು ಅಂತ. ನಗಲಿ ಬಿಡು. ಅವತ್ತು ಬೆಳಿಗ್ಗೆ ಕ್ಲಾಸಿನಲ್ಲಿ ಒಬ್ಬನಿಗೆ ಹೊಡೆದಿದ್ದೆ. ಯಾಕೆ ಅಂತ ಕೇಳಬೇಡ, ಲೆಕ್ಕ ತಪ್ಪಿದ್ದಕ್ಕೆ. ಈ ಕೈಲೇ. ಕಿವಿ ಮೇಲೆ ಬಿತ್ತು. ರಕ್ತ ಬಂತು. ಎಲ್ಲರೂ ಸುಮ್ಮನೆ ಕೂತಿದ್ರು. ಮನೆಗೆ ಬಂದು ಇವಳ ಮೇಲೆ ಕೂಗಾಡಿದೆ, ಆ ಸಸಿ ಯಾವಾಗಿನಿಂದ ಬಿದ್ದಿದೆ, ಒಣಗಲಿ ಅಂತಲಾ, ಅಂತ. ಹಾರೆ ತಗೊಂಡೆ. ಎರಡು ಏಟಿಗೆ ಟಣ್ ಅಂತು. ಇಟ್ಟಿಗೆ ಕಾಣಿಸ್ತು. ಕೆಂಪಗೆ. ಇವನು ಹೇಳಿಕೊಟ್ಟಿದ್ದ ನನಗೆ, ಇಟ್ಟಿಗೆ ಕಂಡರೆ ನಿಲ್ಲಬೇಕು ಮೇಷ್ಟ್ರೇ ಅಂತ. ನೆನಪಿದೆ ತಾನೇ?"

"ಹೇಳಿದ್ದೆ," ಎಂದ ಅವನು.

"ನನಗೂ ನೆನಪಾಯ್ತು. ಅಲ್ಲೇ ನಿಂತಿದ್ದಾಗ, ಹಾರೆ ಮೇಲೆತ್ತಿದ್ದಾಗ, ನೆನಪಾಯ್ತು. ನಿಲ್ಲಿಸಬಹುದಿತ್ತು. ಆದರೆ ಕೈ ಕೇಳಬೇಕಲ್ಲ. ಇಟ್ಟಿಗೆಗೂ ಒಂದು ಬಿಡೋಣ ಅಂತ ಬಿಟ್ಟೆ." ಅವರು ಬಲಗೈಯನ್ನು ಎಡಗೈಯಿಂದ ಎತ್ತಿ ತೋರಿಸಿದರು. ಅಂಗೈಯ ಚರ್ಮ ಮೇಣ ಇಳಿದು ಆರಿದಂತಿತ್ತು. "ಅಲ್ಲಿಂದ ಮೇಲೆ ಇದು ಯಾರ ಮೇಲೂ ಏಳಲಿಲ್ಲ. ಏಳಕ್ಕೆ ಬರಲ್ಲ. ಆ ಹುಡುಗ ಈಗ ದೊಡ್ಡವನಾಗಿದ್ದಾನೆ, ಬಸ್ ನಿಲ್ದಾಣದ ಹತ್ತಿರ ಕಟಿಂಗ್ ಶಾಪ್ ಇಟ್ಟಿದ್ದಾನೆ. ಎಡಗಿವಿ ಕೇಳಲ್ಲ. ತಿಂಗಳಿಗೊಂದು ಸಲ ಅವನ ಹತ್ತಿರವೇ ಹೋಗ್ತೀನಿ. ಕತ್ತಿ ಹಿಡ್ಕೊಂಡು ನನ್ನ ಕತ್ತಿನ ಹಿಂದೆ ನಿಂತಿರ್ತಾನೆ. ನಾನು ಬಲಗಡೆ ಕತ್ತು ತಿರುಗಿಸಿ ಮಾತಾಡ್ತೀನಿ, ಅವನು ನನ್ನ ಕೈ ಹಿಡಿದು ಕುರ್ಚಿಯಿಂದ ಎಬ್ಬಿಸ್ತಾನೆ. ಇಬ್ಬರಿಗೂ ಒಂದೊಂದು ಹೋಗಿದೆ. ಅದಕ್ಕೇ ಅವನ ಮುಂದೆ ಕೂರೋಕೆ ಆಗುತ್ತೆ ನನಗೆ."

ಗಡಿಯಾರ ಟೈಮ್ ಕೇಳಲಿಲ್ಲ. ಲೋಟದ ತಳದಲ್ಲಿ ಉಳಿದಿದ್ದ ಚಹಾವನ್ನು ಮಣ್ಣಿಗೆ ಚೆಲ್ಲಿ ಎದ್ದ.

ಅವನು ಮಾತ್ರ ಕೂತಲ್ಲೇ ಇದ್ದ. ಕೆಂಪಗೆ ಎಂದರು. ಕೆಂಪಗೆ ಕಾಣಿಸಿತು ಎಂದರು. ತಾನು ಮುರಿದು ಹಾಕಿದ ಇಟ್ಟಿಗೆ ಅವರ ಕಣ್ಣಿಗೆ, ತಾನು ಹಾಕುವ ಅರ್ಧ ಗಂಟೆ ಮೊದಲೇ, ಕಂಡುಬಿಟ್ಟಿದೆ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಭಾವಮೈದುನ ಹೇಳಿರಬೇಕು, ಇಟ್ಟಿಗೆ ಇತ್ತಲ್ಲ ಭಾವ, ಎಂದು. ಆಮೇಲೆ ಹೆಂಡತಿ ಹೇಳಿರಬೇಕು, ಊರು ಹೇಳಿರಬೇಕು. ಮೇಷ್ಟ್ರ ನೆನಪಿನ ಕತ್ತಲೆಯೊಳಗೆ ಒಬ್ಬೊಬ್ಬರೂ ಒಂದೊಂದು ಇಟ್ಟಿಗೆ ಇಟ್ಟಿದ್ದಾರೆ, ಮೇಷ್ಟ್ರು ಅದರ ಮೇಲೆ ಮನೆ ಕಟ್ಟಿಕೊಂಡು ವಾಸವಾಗಿದ್ದಾರೆ. ಹೇಳಬೇಕು ಎಂದು ಬಂದದ್ದು ಸಲೀಸಾಗಿ ಕಂಡಿತ್ತು ಬೆಳಿಗ್ಗೆ. ಅವರು ಬೈಯುತ್ತಾರೆ ಎಂಬುದಕ್ಕೆ ಅವನು ತಯಾರಾಗಿದ್ದ. ಅವರು ಹಗುರಾಗುತ್ತಾರೆ ಎಂದೂ ಒಳಗೊಳಗೆ ಎಣಿಸಿದ್ದ: ನಿಮ್ಮ ತಪ್ಪಿರಲಿಲ್ಲ ಮೇಷ್ಟ್ರೇ, ನೀವು ಕಣ್ಣಿದ್ದೂ ಕುರುಡರಂತೆ ಅಗೆಯಲಿಲ್ಲ, ಯಾರೂ ಇನ್ನು ನಗುವ ಹಾಗಿಲ್ಲ. ದೊಡ್ಡದೊಂದು ಉಡುಗೊರೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದವನ ಹಾಗೆ ಬಂದಿದ್ದ. ಈಗ ಅದು ಇಡಲು ಜಾಗವಿಲ್ಲದೆ ಕೈಯಲ್ಲೇ ಉಳಿಯಿತು. ಸುಮ್ಮನಿದ್ದುಬಿಡೋಣ ಎನ್ನಿಸಿತು. ಎನ್ನಿಸಿದ್ದೇ ಗುರುತು ಸಿಕ್ಕಿತು, ಅದು ಅವತ್ತಿನದೇ ದನಿ: ಆಮೇಲೆ ಬಂದು ಹಾಕಿದರಾಯಿತು.

ಪಿಕಾಸಿ ಠಕ್ ಎಂದಿತು.

"ಬಂಡೆ ಅಣ್ಣ."

"ಅದರ ಮೇಲಿನ ಮಣ್ಣು ಕೈಲಿ ತೆಗಿ. ಪಿಕಾಸಿ ಬೇಡ."

ಗಡಿಯಾರ ಬಗ್ಗಿ ಕೈಯಿಂದ ಗೋರಿದ. ಹಿಂದಿನ ಹತ್ತಾರು ಅಡಿ ಉದ್ದಕ್ಕೂ ಸೈನಿಕರಂತೆ ಮಲಗಿದ್ದ ಇಟ್ಟಿಗೆ ಸಾಲು ಇಲ್ಲಿ ನಿಂತುಹೋಗಿತ್ತು. ಬರಿಯ ಮಣ್ಣು, ಮಣ್ಣಿನಲ್ಲಿ ಹೊದಿಕೆಯಿಲ್ಲದೆ ಮಲಗಿದ ಕೇಬಲ್ಲು, ಅಂದು ಅವನೇ ಅವಸರದಲ್ಲಿ ಟೇಪು ಸುತ್ತಿ ಹಾಕಿದ್ದ ಜೋಡಣೆ, ಅದರ ಪಕ್ಕದಲ್ಲಿ ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದ ಮೂರು ಇಟ್ಟಿಗೆ.

"ಇದೇನಣ್ಣ," ಎಂದ ಗಡಿಯಾರ. "ಇಟ್ಟಂಗಿಲ್ಲ ಇದು, ಎಸೆದಂಗಿದೆ. ಅಲ್ಲಿವರೆಗೂ ಅಷ್ಟು ನೀಟಾಗಿ ಇಟ್ಟವನು ಇಲ್ಲಿ ಯಾಕೆ ಬಿಟ್ಟ? ನಿನ್ನದಲ್ಲ ಬಿಡು ಈ ಕೆಲಸ." ಅವನು ಒಂದು ಇಟ್ಟಿಗೆಯನ್ನು ಎತ್ತಿ ಅಂಗಿಗೆ ಒರೆಸಿದ. ಒಂದು ಮಗ್ಗುಲಿಗೆ ಬಿಳಿ ಬಣ್ಣ ಬಳಿದಿತ್ತು, ಹೂವಿನ ಪಾತಿಗೆ ಬಳಿಯುವ ಹಾಗೆ. ಬಣ್ಣದ ಮೇಲೆ ಹಾರೆಯ ಎರಡು ಗುರುತು; ಒಂದು ಕಚ್ಚು, ಒಂದು ಬಿರುಕು. ಅವನು ಪಾತಿಯ ಕಡೆ ನೋಡಿದ. ಅಲ್ಲಿ ಅಂಚಿನ ಇಟ್ಟಿಗೆಗಳು ಇನ್ನೂ ಬೆಳ್ಳಗೆ, ಓರೆಯಾಗಿ ನಿಂತಿದ್ದವು. ಗಡಿಯಾರ ದಡ್ಡನಲ್ಲ. ಇಟ್ಟಿಗೆಯನ್ನು ನೋಡಿದ, ಪಾತಿಯನ್ನು ನೋಡಿದ, ಕೊನೆಗೆ ಅಣ್ಣನ ಮುಖ ನೋಡಿದ. ಆಮೇಲೆ ಇಟ್ಟಿಗೆಯನ್ನು ಚರಂಡಿಯ ಅಂಚಿನ ಮೇಲೆ ಮೆಲ್ಲಗೆ, ಬಿಸಿ ಪಾತ್ರೆ ಇಟ್ಟಂತೆ, ಇಟ್ಟ.

"ಮರಳು ಮುಂದಿನ ಗೇಟಿನ ಹತ್ತಿರ ಇದೆ," ಎಂದ ಅವನು. "ತಳ್ಳೋ ಗಾಡೀಲಿ ತಗೊಂಡು ಬಾ."

"ಚರಂಡೀನೇ ಇನ್ನೂ ಮುಗಿದಿಲ್ಲ..."

"ತಗೊಂಡು ಬಾ."

ಗಡಿಯಾರ ಹೋದ. ಮೇಷ್ಟ್ರು ಕುರ್ಚಿಯಿಂದ ಎದ್ದು ಬಂದು ಅಂಚಿನಲ್ಲಿ ನಿಂತಿದ್ದರು. ಎಡಗೈಯಲ್ಲಿ ಸೀಮೆಸುಣ್ಣ ಇತ್ತು. ಅವನು ಚರಂಡಿಯೊಳಗೆ ಇದ್ದುದರಿಂದ ಅವರ ಮೊಣಕಾಲು ಅವನ ಎದೆಯ ಮಟ್ಟಕ್ಕೆ ಬಂತು. ಮೇಲೆ ಹತ್ತಿ ಹೇಳಬೇಕು ಎಂದುಕೊಂಡ. ಸಲಿಕೆಯನ್ನು ಅಂಚಿಗೆ ಒರಗಿಸಿದ, ಹತ್ತಲಿಲ್ಲ. ಅಭ್ಯಾಸ ಮಾಡಿದ ವಾಕ್ಯ ತಪ್ಪು ತುದಿಯಿಂದ ಬಂತು.

"ಆ ಇಟ್ಟಿಗೆ ನಾನು ಆಮೇಲೆ ಹಾಕಿದ್ದು."

ಒಳಗೆ ಮಿಷನ್ನು ಓಡಿತು, ನಿಂತಿತು.

"ನಿಮ್ಮನ್ನ ಆಸ್ಪತ್ರೆಗೆ ತಗೊಂಡು ಹೋದ ಮೇಲೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಪಾತಿಯಿಂದ ಕಿತ್ತು ಹಾಕಿದೆ. ಒಂದನ್ನ ನಾನೇ ಒಡೆದೆ, ನಿಮ್ಮ ಹಾರೇಲಿ. ಇಲ್ಲಿಂದ ಬಾಗಿಲವರೆಗೂ ಎಂಟು ಅಡಿ ಇಟ್ಟಿಗೆ ಇರಲಿಲ್ಲ ಮೇಷ್ಟ್ರೇ. ಸಾಲಲಿಲ್ಲ ಅಂತ ಬಿಟ್ಟು ಹೋಗಿದ್ದೆ. ಆಳಾನೂ ಒಂದೇ ಅಡಿ. ನಿಮಗೆ ಏನೂ ಕಂಡಿರೋಕೆ ಸಾಧ್ಯ ಇಲ್ಲ. ಕಾಣೋಕೆ ಅಲ್ಲಿ ಏನೂ ಇರಲಿಲ್ಲ."

ಹೇಳಿ ಮುಗಿದಿತ್ತು. ಹಗುರಾಗುತ್ತದೆ ಎಂದು ಕಾದ. ಎದೆಯ ಮೇಲೆ ಫ್ಯೂಸು ಈಗ ಮೈಯಷ್ಟೇ ಬೆಚ್ಚಗಾಗಿ, ಇದೆಯೋ ಇಲ್ಲವೋ ತಿಳಿಯದಂತಿತ್ತು. ಮೇಷ್ಟ್ರು ನಿಧಾನವಾಗಿ ಕುಕ್ಕರಗಾಲಲ್ಲಿ ಕೂತರು, ಬೀಳದಿರಲು ಬಲ ಮೊಣಕೈಯನ್ನು ಅವನ ಭುಜದ ಮೇಲೆ ಊರಿಕೊಂಡರು. ಊರುವಾಗ ಕೇಳಲಿಲ್ಲ, ಕಂಬವನ್ನು ಕೇಳದ ಹಾಗೆ. ಆ ಭಾರ ಅವನು ಎಣಿಸಿದ್ದಕ್ಕಿಂತ ಕಡಿಮೆ ಇತ್ತು. ಸೀಮೆಸುಣ್ಣ ಕೆಳಗಿಟ್ಟು ಎಡಗೈಯಿಂದ ಇಟ್ಟಿಗೆಯನ್ನು ಎತ್ತಿ ನೋಡಿದರು. ಬಿಳಿ ಮಗ್ಗುಲು, ಕಚ್ಚು, ಬಿರುಕು. ಹೆಬ್ಬೆರಳಿನಿಂದ ಬಣ್ಣವನ್ನು ಉಜ್ಜಿದರು. ಬಹಳ ಹೊತ್ತು, ವಿದ್ಯಾರ್ಥಿಯ ನೋಟ್ ಬುಕ್ಕಿನಲ್ಲಿ ಬಿದ್ದ ಕಲೆ ಮಸಿಯದೋ ಎಣ್ಣೆಯದೋ ಎಂದು ನೋಡುವ ಹಾಗೆ. ಅವರ ಮುಖ ಅವನ ಮುಖಕ್ಕೆ ಗೇಣಿನ ದೂರದಲ್ಲಿತ್ತು. ಅದರಲ್ಲಿ ಸಿಟ್ಟು ಹುಡುಕಿದ. ಸಿಟ್ಟು ಬರುವ ಜಾಗಗಳನ್ನೆಲ್ಲ ಒಂದೊಂದಾಗಿ ನೋಡಿದ, ಹುಬ್ಬು, ಮೂಗಿನ ಹೊಳ್ಳೆ, ದವಡೆ. ದವಡೆ ಒಂದು ಸಲ ಬಿಗಿಯಿತು. ಅವನ ಭುಜದ ಮೇಲಿದ್ದ ಕೈಯಲ್ಲಿ, ಮಡಚಲು ಬರುವ ಎರಡು ಬೆರಳು, ಅವನ ಅಂಗಿಯನ್ನು ಹಿಡಿದವು. ಈಗ ಬೀಳುತ್ತದೆ ಎಂದುಕೊಂಡ. ಬೀಳಲಿ ಎಂದು ಕಣ್ಣು ಮುಚ್ಚಿದ. ಬೆರಳುಗಳು ಬಿಟ್ಟುಕೊಂಡವು.

ಕಣ್ಣು ತೆರೆದಾಗ ಮೇಷ್ಟ್ರು ಇಟ್ಟಿಗೆಯನ್ನು ಬಂಡೆಯ ಮೇಲೆ, ಅದು ಸಿಕ್ಕಿದ ಜಾಗದಲ್ಲಿ, ಬಿಳಿ ಮಗ್ಗುಲು ಕೆಳಗೆ ಮಾಡಿ ಇಡುತ್ತಿದ್ದರು. ಎರಡು ತುಂಡಾಗದಂತೆ ಒತ್ತಿ ಇಟ್ಟರು.

"ಬಂಡೆ ಒಡೆಸಬೇಕಲ್ಲ?" ಎಂದರು.

"ಒಡೆಸ್ತೀನಿ. ಎರಡೂವರೆ ಅಡಿ ಹೋಗಲೇಬೇಕು."

"ಒಡೆಸು. ಒಡೆಸಿದ ಮೇಲೆ ಈ ಮೂರನ್ನೂ ಸೇರಿಸು. ಇನ್ನೂರ ಹದಿಮೂರು."

"ಮೇಷ್ಟ್ರೇ." ಅವನ ದನಿ ಅವನಿಗೇ ಗೋಗರೆಯುವಂತೆ ಕೇಳಿಸಿತು. "ಅಮ್ಮನ್ನ ಕರೀರಿ. ಅವರ ಮುಂದೆ ಹೇಳ್ತೀನಿ. ನಿಮ್ಮ ಭಾವಮೈದುನನ ಮುಂದೆ, ಶಾಲೆಯಲ್ಲಿ, ಯಾರ ಮುಂದೆ ಹೇಳು ಅಂದ್ರೆ ಅವರ ಮುಂದೆ. ಬರೆದುಕೊಡು ಅಂದ್ರೆ ಬರೆದುಕೊಡ್ತೀನಿ. ಯಾರೂ ಇನ್ಮೇಲೆ ನಿಮ್ಮನ್ನ ಆಡಿಕೊಳ್ಳೋ ಹಾಗಿಲ್ಲ. ಆ ಕಟಿಂಗ್ ಶಾಪಿನವನಿಗೂ ಬೇಕಾದ್ರೆ ನಾನೇ ಹೋಗಿ..."

"ಬೇಡ."

ಗೇಟಿನ ಕಡೆಯಿಂದ ತಳ್ಳುಗಾಡಿಯ ಗಾಲಿ ಕಿರುಗುಟ್ಟುತ್ತಾ ಬರುತ್ತಿತ್ತು. ಮೇಷ್ಟ್ರು ಅವನ ಭುಜಕ್ಕೆ ಮೊಣಕೈ ಕೊಟ್ಟು ಎದ್ದು ನಿಂತರು, ಪಂಚೆಗೆ ಹತ್ತಿದ ಮಣ್ಣನ್ನು ಕೊಡವಿಕೊಂಡರು.

"ಇಟ್ಟಿಗೆ ಇತ್ತು," ಎಂದರು. "ನಾನು ನೋಡಿದೀನಿ."